ದೋಷ ಹುಡುಕಲು ಕಲಿಸಿದ ಫೋರ್ಡ್, ದೂರು ಕೇಳಲು ಮರೆತಾಗ

ಅಮೆರಿಕದ ಫೋರ್ಡ್ ಕಂಪನಿ 2025ರಲ್ಲಿ ಒಂದು ದಾಖಲೆ ಬರೆಯಿತು. ಯಾವ ಕಾರು ಕಂಪನಿಯೂ ಬಯಸದ ದಾಖಲೆ ಅದು. ಒಂದೇ ವರ್ಷದಲ್ಲಿ 150ಕ್ಕೂ ಹೆಚ್ಚು ಬಾರಿ ಸುರಕ್ಷತಾ ದೋಷದ ಕಾರಣಕ್ಕೆ ತನ್ನ ವಾಹನಗಳನ್ನು 'ರೀಕಾಲ್' ಮಾಡಿತು. ಅಂದರೆ, ಮಾರಿದ ಮೇಲೆ ದೋಷ ಒಪ್ಪಿಕೊಂಡು, ಮಾಲೀಕರಿಗೆ ತಿಳಿಸಿ, ಉಚಿತವಾಗಿ ಸರಿಪಡಿಸಿಕೊಡುವ ಕ್ರಮ. ಹಿಂದಿನ ದಾಖಲೆ ಜನರಲ್ ಮೋಟರ್ಸ್ ಹೆಸರಿನಲ್ಲಿತ್ತು. 2014ರಲ್ಲಿ ಆ ಕಂಪನಿ 77 ರೀಕಾಲ್ ಮಾಡಿತ್ತು. ಫೋರ್ಡ್ ಆ ಸಂಖ್ಯೆಯನ್ನು ಜುಲೈ ಹೊತ್ತಿಗಾಗಲೇ ದಾಟಿತ್ತು. ವರ್ಷ ಮುಗಿಯುವಾಗ ಈ ಪಟ್ಟಿಗೆ ಸೇರಿದ ವಾಹನಗಳು ಒಂದು ಕೋಟಿಗೂ ಹೆಚ್ಚು.

ಈ ಸುದ್ದಿ ಓದಿದಾಗ ಮೆಕ್ಯಾನಿಕಲ್ ಓದುತ್ತಿರುವ ನನ್ನಂಥವರಿಗೆ ಮೊದಲು ಹೊಳೆಯುವುದು ಒಂದು ವಿಚಿತ್ರ ಸಂಗತಿ. ಪೀಣ್ಯ, ಬೊಮ್ಮಸಂದ್ರ, ಹೊಸೂರು ಕಡೆಯ ಬಿಡಿಭಾಗ ಕಾರ್ಖಾನೆಗಳಲ್ಲಿ ಕ್ವಾಲಿಟಿ ವಿಭಾಗದ ಸಂದರ್ಶನಕ್ಕೆ ಹೋಗಿ ಬಂದ ಸೀನಿಯರ್‌ಗಳನ್ನು ಕೇಳಿ ನೋಡಿ. 'ಎಫ್‌ಎಂಇಎ ಅಂದರೇನು?', '8ಡಿ ಹಂತಗಳನ್ನು ಹೇಳಿ' ಎಂಬ ಎರಡು ಪ್ರಶ್ನೆಗಳು ಅವರ ಬಾಯಲ್ಲಿ ಬಂದೇ ಬರುತ್ತವೆ. ಒಂದು ಭಾಗ ಹೇಗೆಲ್ಲ ಕೆಡಬಹುದು ಎಂದು ಮೊದಲೇ ಊಹಿಸಿ ಪಟ್ಟಿ ಮಾಡುವುದು ಎಫ್‌ಎಂಇಎ. ಕೆಟ್ಟ ಮೇಲೆ ಮೂಲ ಕಾರಣ ಹುಡುಕಿ ಅದು ಮರುಕಳಿಸದಂತೆ ಮಾಡುವ ಹಂತಗಳೇ 8ಡಿ. ಮೊದಲನೆಯದನ್ನು ಕಾರು ಉದ್ಯಮದಲ್ಲಿ ನೆಲೆಗೊಳಿಸಿದ್ದರಲ್ಲಿ ಫೋರ್ಡ್ ಪಾತ್ರ ದೊಡ್ಡದು. ಎರಡನೆಯದು ರೂಪುಗೊಂಡಿದ್ದೇ 1980ರ ದಶಕದಲ್ಲಿ, ಫೋರ್ಡ್ ಕಂಪನಿಯೊಳಗೆ. ದೋಷ ಹುಡುಕುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ ಕಂಪನಿಯೇ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಹೇಗೆ?

ಫೋರ್ಡ್‌ಗೆ ಎಂದೂ ಜಾಣ ಎಂಜಿನಿಯರ್‌ಗಳ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾಲೀಕರ ದೂರಿಗೂ ನಿರ್ಧಾರ ತೆಗೆದುಕೊಳ್ಳುವ ಮೇಜಿಗೂ ನಡುವಿನ ದಾರಿಯಲ್ಲಿ. ಕಂಪನಿಯ ಇತಿಹಾಸವನ್ನು ತಿರುವಿ ಹಾಕಿದರೆ ಇದು ಮತ್ತೆ ಮತ್ತೆ ಕಾಣುತ್ತದೆ.

ರೈತರೇ ರಿಪೇರಿ ಮಾಡುತ್ತಿದ್ದ ಕಾರು

ಹೆನ್ರಿ ಫೋರ್ಡ್ 1903ರಲ್ಲಿ ಕಂಪನಿ ಸ್ಥಾಪಿಸಿದಾಗ ಕಾರು ಶ್ರೀಮಂತರ ಆಟಿಕೆಯಾಗಿತ್ತು. 1908ರಲ್ಲಿ ಬಂದ 'ಮಾಡೆಲ್ ಟಿ' ಅದನ್ನು ಬದಲಿಸಿತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾದ ಮೇಲೆ, 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಮರುವರ್ಷ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೂಲಿ ಘೋಷಣೆಯಾಯಿತು. 850 ಡಾಲರ್ ಇದ್ದ ಕಾರಿನ ಬೆಲೆ 1920ರ ದಶಕದ ನಡುವಿನಲ್ಲಿ 260 ಡಾಲರ್‌ಗೆ ಬಂತು. 1927ರವರೆಗೆ ಒಂದೂವರೆ ಕೋಟಿ 'ಮಾಡೆಲ್ ಟಿ' ತಯಾರಾದವು.

ಆ ಕಾರೂ ಕೆಡುತ್ತಿತ್ತು. ಆದರೆ ಅದರ ರಚನೆ ಎಷ್ಟು ಸರಳವೆಂದರೆ, ಹಳ್ಳಿಯ ರೈತ ಸ್ಪ್ಯಾನರ್ ಹಿಡಿದು ತಾನೇ ಸರಿಮಾಡಿಕೊಳ್ಳುತ್ತಿದ್ದ. ದೂರೂ ಪರಿಹಾರವೂ ಒಂದೇ ಕೊಟ್ಟಿಗೆಯಲ್ಲಿದ್ದವು. ಕಾರು ಸಂಕೀರ್ಣವಾದಂತೆ, ಕಂಪನಿ ಬೆಳೆದಂತೆ ಅವೆರಡರ ನಡುವಿನ ದೂರ ಹೆಚ್ಚಿತು. ಮಾಲೀಕ ಹೇಳಿದ ಮಾತು ಡೀಲರ್, ಸರ್ವಿಸ್ ಮ್ಯಾನೇಜರ್, ವಾರಂಟಿ ವಿಭಾಗ, ವಕೀಲರನ್ನು ದಾಟಿ ವಿನ್ಯಾಸಕಾರನಿಗೆ ತಲುಪಬೇಕಾಯಿತು. 'ಫಿಕ್ಸ್ ಆರ್ ರಿಪೇರ್ ಡೈಲಿ' ಎಂದು ಫೋರ್ಡ್‌ನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ಹೇಳುವ ಹಾಸ್ಯ ಅಮೆರಿಕದ ಜನರ ಬಾಯಲ್ಲಿ ಹುಟ್ಟಿಕೊಂಡಿತು.

11 ಡಾಲರ್ ಲೆಕ್ಕ

ಎಂಜಿನಿಯರಿಂಗ್ ನೀತಿಶಾಸ್ತ್ರದ ಪುಸ್ತಕಗಳಲ್ಲಿ 'ಪಿಂಟೊ' ಪ್ರಕರಣ ತಪ್ಪದೆ ಬರುತ್ತದೆ. 1971ರ ಮಾದರಿಯಾಗಿ ಮಾರುಕಟ್ಟೆಗೆ ಬಂದ ಈ ಸಣ್ಣ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದಿನ ಆ್ಯಕ್ಸಲ್ ಮತ್ತು ಬಂಪರ್ ನಡುವೆ ಇತ್ತು. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಒಡೆದು ಬೆಂಕಿ ಹತ್ತುವ ಅಪಾಯವಿತ್ತು. 1977ರಲ್ಲಿ 'ಮದರ್ ಜೋನ್ಸ್' ಪತ್ರಿಕೆ ಇದನ್ನು ಬಯಲಿಗೆಳೆಯಿತು. 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ರೀಕಾಲ್ ಮಾಡಿತು.

ಈ ಪ್ರಕರಣದ ಜತೆ ಒಂದು ಲೆಕ್ಕದ ಹಾಳೆಯೂ ಪ್ರಸಿದ್ಧವಾಯಿತು. ಒಂದು ವಾಹನಕ್ಕೆ 11 ಡಾಲರ್ ಖರ್ಚು ಮಾಡಿದರೆ ಒಟ್ಟು ವೆಚ್ಚ ಸುಮಾರು 13.7 ಕೋಟಿ ಡಾಲರ್. ಅದರಿಂದ ಉಳಿಯುವ 180 ಜೀವಗಳಿಗೆ ತಲಾ 2 ಲಕ್ಷ ಡಾಲರ್, ಸುಟ್ಟ ಗಾಯ ಮತ್ತು ವಾಹನ ಹಾನಿ ಸೇರಿ ಬರುವ ಲಾಭ ಸುಮಾರು 4.95 ಕೋಟಿ ಡಾಲರ್. ಹಾಗಾಗಿ ಖರ್ಚು ಲಾಭಕರವಲ್ಲ! ಇದನ್ನು ಪಿಂಟೊ ಕಾರಿನದೇ ಲೆಕ್ಕ ಎಂದು ಹಲವರು ಬರೆಯುತ್ತಾರೆ. ವಾಸ್ತವದಲ್ಲಿ ಅದು ವಾಹನ ಉರುಳಿದಾಗ ಇಂಧನ ಸೋರುವ ಬಗ್ಗೆ, ಅಮೆರಿಕದ ಎಲ್ಲ ಕಾರು ಮತ್ತು ಸಣ್ಣ ಟ್ರಕ್‌ಗಳನ್ನು ಲೆಕ್ಕಕ್ಕೆ ಹಿಡಿದು, ಸರ್ಕಾರಿ ನಿಯಂತ್ರಕರಿಗೆ ಸಲ್ಲಿಸಿದ್ದ ದಾಖಲೆ. ಜೀವಕ್ಕೆ ಬೆಲೆ ಕಟ್ಟುವ ಆ ಅಂಕಿ ಕೂಡ ಸರ್ಕಾರಿ ಸಂಸ್ಥೆಯಿಂದಲೇ ಬಂದಿತ್ತು. 1980ರಲ್ಲಿ ಇಂಡಿಯಾನಾ ರಾಜ್ಯದ ಕ್ರಿಮಿನಲ್ ಮೊಕದ್ದಮೆಯಲ್ಲಿ ಫೋರ್ಡ್ ಖುಲಾಸೆಯೂ ಆಯಿತು.

ಹಾಗೆಂದು ಪಾಠ ಸಣ್ಣದಾಗುವುದಿಲ್ಲ. ಲೆಕ್ಕದ ಹಾಳೆಯಲ್ಲಿ ಸುಟ್ಟ ಗಾಯವೂ ಒಂದು ಅಂಕಿ, ಬೋಲ್ಟ್ ಕೂಡ ಒಂದು ಅಂಕಿ. ಎಂಜಿನಿಯರ್ ಆದವರು ಅಂಕಿ ಬಿಟ್ಟು ಕೆಲಸ ಮಾಡಲಾಗದು ನಿಜ. ಆದರೆ ಅಂಕಿಯ ಹಿಂದೆ ಯಾರಿದ್ದಾರೆ ಎಂದು ಕೇಳುವವರು ಆ ಕೋಣೆಯಲ್ಲಿ ಒಬ್ಬರಾದರೂ ಇರಬೇಕು.

2000ದಲ್ಲಿ ಮತ್ತೊಂದು ಆಘಾತ ಬಂತು. ಫೋರ್ಡ್ 'ಎಕ್ಸ್‌ಪ್ಲೋರರ್' ವಾಹನಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತುಬಂದು ವಾಹನಗಳು ಮಗುಚಿದವು. 271 ಸಾವುಗಳನ್ನು ಈ ಟೈರುಗಳ ಜತೆ ತಳಕು ಹಾಕಲಾಯಿತು. ಟೈರು ಕಂಪನಿ ಕಾರಿನತ್ತ, ಕಾರು ಕಂಪನಿ ಟೈರಿನತ್ತ ಬೊಟ್ಟು ಮಾಡಿದವು. ಅದೇ ವರ್ಷ ಅಮೆರಿಕದ ಸಂಸತ್ತು 'ಟ್ರೆಡ್' ಕಾಯ್ದೆ ತಂದಿತು. ಗ್ರಾಹಕರ ದೂರು, ವಾರಂಟಿ ಕ್ಲೇಮು, ಗಾಯ, ಸಾವುಗಳ ಮಾಹಿತಿಯನ್ನು ಕಂಪನಿಗಳು ಕಾಲಕಾಲಕ್ಕೆ ಸರ್ಕಾರಕ್ಕೆ ಕೊಡಲೇಬೇಕೆಂಬ ನಿಯಮ ಬಂದಿದ್ದು ಆಗ. ದೂರು ಎಂಬುದು ಬರೀ ಗೊಣಗಾಟವಲ್ಲ, ಮುನ್ನೆಚ್ಚರಿಕೆಯ ದತ್ತಾಂಶ ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ಕೆಂಪು ಬಣ್ಣಕ್ಕೆ ಚಪ್ಪಾಳೆ

ನಡುವೆ ಒಳ್ಳೆಯ ಕಾಲವೂ ಇತ್ತು. 1980ರ ದಶಕದ ಆರಂಭದಲ್ಲಿ ಜಪಾನಿ ಕಾರುಗಳ ಎದುರು ಸೋತು ನಷ್ಟದಲ್ಲಿದ್ದ ಫೋರ್ಡ್, ಗುಣಮಟ್ಟ ತಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಕರೆಸಿಕೊಂಡಿತು. ಬಹುಪಾಲು ದೋಷಕ್ಕೆ ಕಾರಣ ಕಾರ್ಮಿಕನಲ್ಲ, ಆಡಳಿತ ಕಟ್ಟಿದ ವ್ಯವಸ್ಥೆ ಎಂಬುದು ಅವರ ನಿಲುವು. 'ಕ್ವಾಲಿಟಿ ಈಸ್ ಜಾಬ್ ಒನ್' ಎಂಬ ಘೋಷವಾಕ್ಯ, 'ಟಾರಸ್' ಕಾರಿನ ಯಶಸ್ಸು ಆ ಕಾಲದವು.

2006ರಲ್ಲಿ ಕಂಪನಿ ಮತ್ತೆ ಮುಳುಗುವ ಸ್ಥಿತಿ ತಲುಪಿತು. ಆ ವರ್ಷದ ನಷ್ಟ 1,200 ಕೋಟಿ ಡಾಲರ್‌ಗೂ ಹೆಚ್ಚು. ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು ಸಾಲ ಎತ್ತಿತು. ಬೋಯಿಂಗ್‌ನಿಂದ ಬಂದ ಹೊಸ ಸಿಇಒ ಆ್ಯಲನ್ ಮುಲಾಲಿ, ಪ್ರತಿ ವಾರದ ಸಭೆಗೆ ಬಣ್ಣದ ಚಾರ್ಟ್ ತರಲು ಹೇಳಿದರು. ಎಲ್ಲ ಸರಿಯಿದ್ದರೆ ಹಸಿರು, ಸಮಸ್ಯೆ ಇದ್ದರೆ ಕೆಂಪು. ಕಂಪನಿ ಸಾವಿರಾರು ಕೋಟಿ ಕಳೆದುಕೊಳ್ಳುತ್ತಿದ್ದರೂ ಮೊದಮೊದಲು ಎಲ್ಲರ ಚಾರ್ಟೂ ಹಸಿರೋ ಹಸಿರು! ಒಂದು ದಿನ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ, 'ಎಡ್ಜ್' ಕಾರಿನ ಹಿಂಬಾಗಿಲಿನ ದೋಷಕ್ಕೆ ಕೆಂಪು ಬಣ್ಣ ಹಾಕಿ ತೋರಿಸಿದರು. ಕೋಣೆ ಸ್ತಬ್ಧವಾಯಿತು. ಮುಲಾಲಿ ಚಪ್ಪಾಳೆ ತಟ್ಟಿದರು. 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿದಾಗ ಫೋರ್ಡ್ ಮಾತ್ರ ಸರ್ಕಾರದ ಆ ರಕ್ಷಣಾ ನೆರವಿಲ್ಲದೆ ನಿಂತಿತು.

ಈ ಕಥೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

'ನೀವು ಓಡಿಸುವುದೇ ಸರಿಯಿಲ್ಲ'

ಮುಲಾಲಿ ಕಾಲದಲ್ಲೇ ಮಾರುಕಟ್ಟೆಗೆ ಬಂದ 'ಫಿಯೆಸ್ಟಾ' ಮತ್ತು 'ಫೋಕಸ್' ಕಾರುಗಳಲ್ಲಿ 'ಪವರ್‌ಶಿಫ್ಟ್' ಎಂಬ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಇತ್ತು. ಸಾಮಾನ್ಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಮೂಲಕ ಗಿಯರ್‌ಗೆ ಹೋಗುತ್ತದೆ. ನಯವಾಗಿರುತ್ತದೆ, ಆದರೆ ಸ್ವಲ್ಪ ಇಂಧನ ವ್ಯರ್ಥ. ಪವರ್‌ಶಿಫ್ಟ್‌ನಲ್ಲಿ ಮ್ಯಾನುವಲ್ ಗಿಯರ್‌ಬಾಕ್ಸ್‌ನಂತೆಯೇ ಒಣ ಕ್ಲಚ್ ಇತ್ತು. ಒಂದಲ್ಲ, ಎರಡು. ಅವನ್ನು ಕಾಲಿನ ಬದಲು ಕಂಪ್ಯೂಟರ್ ನಿಯಂತ್ರಿಸುತ್ತಿತ್ತು. ಉದ್ದೇಶ ಮೈಲೇಜ್ ಹೆಚ್ಚಿಸುವುದು.

ಸಿಲ್ಕ್‌ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದು ತೆವಳಿದವರಿಗೆ ಒಣ ಕ್ಲಚ್ಚಿನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅದು ಬಿಸಿಯಾಗುತ್ತದೆ, ಸವೆಯುತ್ತದೆ, ಅದುರುತ್ತದೆ. ಇಲ್ಲಿ ಅದರ ಜತೆಗೆ ಸೀಲ್‌ಗಳಿಂದ ಎಣ್ಣೆ ಸೋರಿ ಒಣಗಿರಬೇಕಾದ ಕ್ಲಚ್ ಮೇಲೆ ಬೀಳುವ ದೋಷವೂ ಇತ್ತು. ಗಿಯರ್‌ಬಾಕ್ಸ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವೂ ಕೆಡುತ್ತಿತ್ತು. ಸಿಗ್ನಲ್ ಬಿಟ್ಟು ಹೊರಡುವಾಗ ಕಾರು ಗಡಗಡ ಅದುರುವುದು, ರಸ್ತೆಯ ನಡುವೆ ಎಳೆತ ಕಳೆದುಕೊಳ್ಳುವುದು ಮಾಲೀಕರ ನಿತ್ಯದ ದೂರಾಯಿತು.

ಕಂಪನಿ ಸಾಫ್ಟ್‌ವೇರ್ ಬದಲಿಸಿತು, ಕ್ಲಚ್ ಬದಲಿಸಿತು. 2014ರಲ್ಲಿ ವಾರಂಟಿ ವಿಸ್ತರಿಸಿತು. ಆದರೆ ಅದೇ ವಿನ್ಯಾಸದ ಕಾರುಗಳನ್ನು ಆಮೇಲೂ ಅಮೆರಿಕದಲ್ಲಿ ಮಾರಿತು. ಕಾರು ಬಿಡುಗಡೆಗೆ ಮುನ್ನವೇ ಒಳಗಿನ ಎಂಜಿನಿಯರ್‌ಗಳು ಈ ಗಿಯರ್‌ಬಾಕ್ಸ್ ಬಗ್ಗೆ ಎಚ್ಚರಿಸಿದ್ದರು ಎಂದು 'ಡೆಟ್ರಾಯಿಟ್ ಫ್ರೀ ಪ್ರೆಸ್' 2019ರಲ್ಲಿ ಆಂತರಿಕ ದಾಖಲೆಗಳ ಆಧಾರದಲ್ಲಿ ವರದಿ ಮಾಡಿತು. ಸುಮಾರು 19 ಲಕ್ಷ ಹಾಲಿ ಮತ್ತು ಮಾಜಿ ಮಾಲೀಕರ ಪರವಾದ ಸಾಮೂಹಿಕ ಮೊಕದ್ದಮೆ 2020ರಲ್ಲಿ ಪರಿಹಾರ ಒಪ್ಪಂದದಲ್ಲಿ ಮುಗಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಆಸ್ಟ್ರೇಲಿಯಾದ ತೀರ್ಪು. ಅಲ್ಲಿ ಈ ಗಿಯರ್‌ಬಾಕ್ಸ್ ಇದ್ದ 70 ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ಅವುಗಳಲ್ಲಿ ಅರ್ಧದಷ್ಟು ಒಮ್ಮೆಯಾದರೂ ಇದೇ ದೋಷಕ್ಕೆ ರಿಪೇರಿಗೆ ಬಂದಿದ್ದವು. ಆದರೂ ಅನೇಕ ಗ್ರಾಹಕರಿಗೆ ಸಿಕ್ಕ ಉತ್ತರ, 'ಅದುರುವುದಕ್ಕೆ ನಿಮ್ಮ ಚಾಲನೆಯ ಶೈಲಿಯೇ ಕಾರಣ' ಎಂದು. ದೋಷ ಎಲ್ಲರ ಕಾರಿನಲ್ಲೂ ಇದೆ ಎಂದು ಗೊತ್ತಿದ್ದೂ ಹೀಗೆ ಹೇಳಿದ್ದು ಆತ್ಮಸಾಕ್ಷಿಗೆ ವಿರುದ್ಧವಾದ ನಡೆ ಎಂದು ಪರಿಗಣಿಸಿ, ಅಲ್ಲಿನ ಫೆಡರಲ್ ನ್ಯಾಯಾಲಯ 2018ರಲ್ಲಿ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ದಂಡ ಬಿದ್ದಿದ್ದು ಕೆಟ್ಟ ಕ್ಲಚ್ಚಿಗಲ್ಲ ಎಂಬುದನ್ನು ಗಮನಿಸಿ. ಅದು ಬಿದ್ದಿದ್ದು ದೂರು ಕೊಟ್ಟವರನ್ನು ನಡೆಸಿಕೊಂಡ ರೀತಿಗೆ.

ನಮ್ಮ ಊರಿನ ಗ್ಯಾರೇಜುಗಳಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. 'ಅಣ್ಣ, ಗಾಡಿ ಒಂಥರಾ ಗುಂಯ್ ಅಂತದೆ' ಎಂದರೆ ಒಳ್ಳೆಯ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರ್ ಎತ್ತುವುದಿಲ್ಲ. 'ಬನ್ನಿ, ಒಂದು ರೌಂಡ್ ಹೋಗಿ ಬರೋಣ' ಎಂದು ಮಾಲೀಕನನ್ನೇ ಹಿಂದೆ ಕೂರಿಸಿಕೊಂಡು ಹೊರಡುತ್ತಾನೆ. ಯಾವ ವೇಗದಲ್ಲಿ, ಯಾವ ಗಿಯರ್‌ನಲ್ಲಿ ಸದ್ದು ಬರುತ್ತದೆ ಎಂದು ತಾನೇ ಕೇಳಿಸಿಕೊಳ್ಳುತ್ತಾನೆ. ಗ್ರಾಹಕನ ಮಾತಿಗೆ ತಾಂತ್ರಿಕ ಪದವಿಲ್ಲ ಎಂದು ಅದನ್ನು ತಳ್ಳಿಹಾಕುವುದಿಲ್ಲ.

ದಾಖಲೆಯ ಎರಡು ಮುಖ

ಹಾಗಾದರೆ 2025ರ ರೀಕಾಲ್ ದಾಖಲೆಯೂ ಇದೇ ಕಥೆಯ ಮುಂದುವರಿಕೆಯೇ? ಅರ್ಧ ಹೌದು, ಅರ್ಧ ಅಲ್ಲ.

2024ರ ನವೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ, ಫೋರ್ಡ್‌ಗೆ 16.5 ಕೋಟಿ ಡಾಲರ್ ದಂಡ ವಿಧಿಸಿತು. ದೋಷಪೂರಿತ ಹಿಂಬದಿ ಕ್ಯಾಮೆರಾ ಇದ್ದ ವಾಹನಗಳನ್ನು ಸಕಾಲದಲ್ಲಿ ರೀಕಾಲ್ ಮಾಡಲಿಲ್ಲ, ಸರಿಯಾದ ಮಾಹಿತಿ ಕೊಡಲಿಲ್ಲ ಎಂಬುದು ಆರೋಪ. ಈ ಮೊತ್ತದಲ್ಲಿ 4.5 ಕೋಟಿ ಡಾಲರನ್ನು ದೋಷ ಪತ್ತೆಯ ದತ್ತಾಂಶ ವ್ಯವಸ್ಥೆ ಮತ್ತು ಪರೀಕ್ಷೆಗಳ ಸುಧಾರಣೆಗೇ ಖರ್ಚು ಮಾಡಬೇಕೆಂಬ ಷರತ್ತು ಇತ್ತು. ಹೊರಗಿನ ಸ್ವತಂತ್ರ ಮೇಲ್ವಿಚಾರಕರ ನೇಮಕವೂ ಆಯಿತು. ಇದಾದ ಮರುವರ್ಷವೇ ರೀಕಾಲ್ ಸಂಖ್ಯೆ ಏರಿತು. ತಜ್ಞರ ತಂಡ ಹೆಚ್ಚಿಸಿದ್ದೇವೆ, ಹಳೆಯ ದೋಷಗಳನ್ನು ಬೇಗ ಹುಡುಕಿ ಹೊರಗೆ ಹಾಕುತ್ತಿದ್ದೇವೆ ಎಂಬುದು ಕಂಪನಿಯ ವಾದ. ಅದರಲ್ಲಿ ಸತ್ಯಾಂಶವಿದೆ. ಜೆ.ಡಿ. ಪವರ್‌ನ 2024ರ ಆರಂಭಿಕ ಗುಣಮಟ್ಟ ಸಮೀಕ್ಷೆಯಲ್ಲಿ ಫೋರ್ಡ್ 23ನೇ ಸ್ಥಾನದಿಂದ 9ಕ್ಕೆ ಏರಿತ್ತು. ಕೆಂಪು ಚಾರ್ಟ್ ಹೆಚ್ಚಾದರೆ ಅದು ಪ್ರಾಮಾಣಿಕತೆಯ ಲಕ್ಷಣವೂ ಆಗಬಹುದು.

ಇನ್ನೊಂದು ಮುಖವೂ ಇದೆ. ಕಳೆದ ವರ್ಷದ ರೀಕಾಲ್‌ಗಳಲ್ಲಿ ಓಡುವಾಗಲೇ ಎಂಜಿನ್ ನಿಲ್ಲಿಸಬಹುದಾದ ಇಂಧನ ಪಂಪ್‌ನ ದೋಷ ಸುಮಾರು 8.5 ಲಕ್ಷ ವಾಹನಗಳಲ್ಲಿತ್ತು. ಹಿಂಬದಿ ಕ್ಯಾಮೆರಾ ಚಿತ್ರ ಸ್ತಬ್ಧಗೊಳಿಸುವ ಸಾಫ್ಟ್‌ವೇರ್ ದೋಷ 10 ಲಕ್ಷಕ್ಕೂ ಹೆಚ್ಚು ವಾಹನಗಳಲ್ಲಿತ್ತು. ಇವು ಕಾರ್ಖಾನೆ ಬಿಡುವ ಮುನ್ನವೇ ಸಿಗಬೇಕಿದ್ದ ದೋಷಗಳು. ತಡವಾಗಿ ಸಿಕ್ಕರೆ ಬೆಲೆ ದುಬಾರಿ. 2024ರ ಎರಡನೇ ತ್ರೈಮಾಸಿಕದಲ್ಲಿ ಫೋರ್ಡ್‌ನ ವಾರಂಟಿ ವೆಚ್ಚ 230 ಕೋಟಿ ಡಾಲರ್ ತಲುಪಿದಾಗ, ಅದರ ಷೇರು ಒಂದೇ ದಿನ ಶೇ 18ರಷ್ಟು ಕುಸಿದಿತ್ತು.

ಹಾಗಾಗಿ ರೀಕಾಲ್ ಸಂಖ್ಯೆ ಒಂದನ್ನೇ ನೋಡಿ ಒಂದು ಬ್ರ್ಯಾಂಡನ್ನು ಅಳೆಯಬಾರದು. ದೋಷ ಮೊದಲು ಕಂಡದ್ದು ಯಾವಾಗ, ಕಂಪನಿ ಒಪ್ಪಿದ್ದು ಯಾವಾಗ, ಈ ಎರಡರ ನಡುವೆ ಎಷ್ಟು ತಿಂಗಳು ಕಳೆದವು ಎಂಬುದನ್ನು ನೋಡಬೇಕು.

ಇದು ದೂರದ ಸುದ್ದಿಯೇ?

ಫೋರ್ಡ್ 1995ರಲ್ಲಿ ಮಹೀಂದ್ರಾ ಜತೆ ಭಾರತಕ್ಕೆ ಬಂತು. 'ಐಕಾನ್', 'ಫಿಗೊ', 'ಇಕೋಸ್ಪೋರ್ಟ್' ನಮ್ಮ ರಸ್ತೆಗಳಲ್ಲಿ ಈಗಲೂ ಓಡುತ್ತಿವೆ. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಗಿದೆ ಎಂದು ಹೇಳಿ, 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸುಮಾರು 4 ಸಾವಿರ ನೌಕರರ ಬದುಕಿಗೆ ಪೆಟ್ಟು ಬಿತ್ತು. ಗುಜರಾತಿನ ಸಾನಂದ್ ಕಾರ್ಖಾನೆ ಟಾಟಾ ಪಾಲಾಯಿತು. ಇಲ್ಲಿ ಸೋಲಲು ಬೇರೆ ಕಾರಣಗಳೂ ಇದ್ದವು. ಹೊಸ ಮಾದರಿಗಳು ಕಡಿಮೆ, ಮಾರುತಿ ಮತ್ತು ಹ್ಯುಂಡೈ ಎದುರು ಸಣ್ಣ ಸರ್ವಿಸ್ ಜಾಲ. ಎಲ್ಲವನ್ನೂ ಗುಣಮಟ್ಟದ ತಲೆಗೆ ಕಟ್ಟುವುದು ಸರಿಯಲ್ಲ.

ಈಗ ಕಂಪನಿ ಮರಳುವ ದಾರಿಯಲ್ಲಿದೆ. ಚೆನ್ನೈ ಬಳಿಯ ಮರೈಮಲೈ ನಗರದ ಕಾರ್ಖಾನೆಯಲ್ಲಿ 3,250 ಕೋಟಿ ರೂಪಾಯಿ ಹೂಡಿ ರಫ್ತಿಗಾಗಿ ಎಂಜಿನ್ ತಯಾರಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಉತ್ಪಾದನೆ 2029ಕ್ಕೆ ಆರಂಭವಾಗಬೇಕಿದೆ. ಇದೇ ಕಾರ್ಖಾನೆಯಿಂದ ಅಮೆರಿಕಕ್ಕೆ ಹೋಗಿದ್ದ ಇಕೋಸ್ಪೋರ್ಟ್‌ಗಳೂ, ಒಂದು ಲೀಟರ್ ಎಂಜಿನ್ನಿನ ಆಯಿಲ್ ಪಂಪ್ ದೋಷಕ್ಕಾಗಿ 2023ರ ಕೊನೆಯಲ್ಲಿ ಅಲ್ಲಿ ರೀಕಾಲ್ ಆದ ಸುಮಾರು 1.4 ಲಕ್ಷ ವಾಹನಗಳಲ್ಲಿದ್ದವು. ದಕ್ಷಿಣ ಭಾರತದ ಕಾರ್ಖಾನೆಗೂ ಅಮೆರಿಕದ ಯಾವುದೋ ಮನೆಯ ಮುಂದೆ ನಿಂತ ಕಾರಿಗೂ ಇರುವ ಅಂತರ ಅಷ್ಟೇನೂ ದೊಡ್ಡದಲ್ಲ.

ನಮ್ಮಲ್ಲೂ ಕಾನೂನು ಬಂದಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ನಿಗದಿತ ಪ್ರಮಾಣದಲ್ಲಿ ಮಾಲೀಕರು ದೂರು ಕೊಟ್ಟರೆ ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ಪ್ರಕಾರ ದಂಡ 1 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಮಾಲೀಕರು ದೂರು ದಾಖಲಿಸದಿದ್ದರೆ ಈ ಕಾನೂನು ಕದಲುವುದಿಲ್ಲ. 'ನಮ್ಮ ಹಣೆಬರಹ' ಎಂದು ಸುಮ್ಮನಾಗುವ, ಇಲ್ಲವೇ ಗಾಡಿಯನ್ನು ಸದ್ದಿಲ್ಲದೆ ಇನ್ನೊಬ್ಬರಿಗೆ ಮಾರಿಬಿಡುವ ನಮ್ಮ ಅಭ್ಯಾಸ ಬದಲಾಗಬೇಕು.

ನಾಳೆ ನಮ್ಮಲ್ಲಿ ಅನೇಕರು ಕೂರುವುದು ಇದೇ ದಾರಿಯ ನಡುವಿನ ಕುರ್ಚಿಗಳಲ್ಲಿ. ಬಿಡದಿಯ ಕಾರ್ಖಾನೆಯಲ್ಲಿ, ಸರ್ವಿಸ್ ಸೆಂಟರ್‌ನಲ್ಲಿ, ವಾರಂಟಿ ಕ್ಲೇಮು ವಿಂಗಡಿಸುವ ಬೆಂಗಳೂರಿನ ಯಾವುದೋ ಆಫೀಸಿನಲ್ಲಿ. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಆ ಪದ್ಧತಿ ಕಟ್ಟಿದ ಎಯ್ಜಿ ಟೊಯೋಡ 1950ರಲ್ಲಿ ಕಲಿಯಲು ಹೋಗಿದ್ದು ಫೋರ್ಡ್‌ನ ರೂಜ್ ಕಾರ್ಖಾನೆಗೇ. ಲೈನ್ ಓಡಿಸುವುದನ್ನು ಫೋರ್ಡ್‌ನಿಂದ ಕಲಿತವರು, ನಿಲ್ಲಿಸುವುದನ್ನು ತಾವೇ ಸೇರಿಸಿಕೊಂಡರು.

ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಗೆಳೆಯರು 8ಡಿ ಹಂತಗಳನ್ನು ಬಾಯಿಪಾಠ ಮಾಡುವಾಗ ಎರಡನೆಯದರ ಬಳಿ ಸ್ವಲ್ಪ ನಿಲ್ಲಲಿ. 'ಸಮಸ್ಯೆಯನ್ನು ವಿವರಿಸಿ' ಎನ್ನುತ್ತದೆ ಅದು. ಮೂಲ ಕಾರಣ, ಪರಿಹಾರಗಳೆಲ್ಲ ಬರುವುದು ಆಮೇಲೆ. ಆ ಖಾಲಿ ಜಾಗದಲ್ಲಿ ಗ್ರಾಹಕ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯಬೇಕೋ, 'ಚಾಲನೆಯ ಶೈಲಿ' ಎಂದು ಬರೆದು ಮುಚ್ಚಬೇಕೋ ಎಂದು ನಿರ್ಧರಿಸುವ ಪೆನ್ನು ಇನ್ನು ಎರಡು ಮೂರು ವರ್ಷಗಳಲ್ಲಿ ನಮ್ಮ ಕೈಯಲ್ಲಿರುತ್ತದೆ.